ಮಗಳು ಡಾಕ್ಟರ್ ಬೇಡ, ನ್ಯೂರೋಸೈನ್ಸ್ ಓದ್ತೀನಿ ಅಂತಾಳೆ: ಒಪ್ಪಬಹುದಾ?

ಪ್ರಶ್ನೆ

"ಮೇಡಂ, ನಮಸ್ಕಾರ. ನಾನು ಚಳ್ಳಕೆರೆಯವನು, ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಬಿ. ನೀಟ್ ಕೋಚಿಂಗ್‌ಗೂ ಹೋಗುತ್ತಾಳೆ. ನೀವು ಅವರ ಕಾಲೇಜಿಗೆ ಬಂದು ಮಾತಾಡಿ ಹೋದ ದಿನದಿಂದ 'ನಂಗೆ ಡಾಕ್ಟರ್ ಆಗೋದು ಬೇಡ, ನ್ಯೂರೋಸೈನ್ಸ್ ಮಾಡ್ತೀನಿ' ಅನ್ನುತ್ತಿದ್ದಾಳೆ. ಅಂದರೆ ನರದ ಡಾಕ್ಟರೇ ಅಲ್ವಾ ಅಂತ ಕೇಳಿದರೆ ಅಲ್ಲ ಅನ್ನುತ್ತಾಳೆ. ನಮ್ಮ ಷಡ್ಡಕರು 'ಅದು ಹುಚ್ಚಾಸ್ಪತ್ರೆ ಕೆಲಸ, ಇಲಿ ಕೊಯ್ಯೋದು, ಹೊರದೇಶಕ್ಕೆ ಹೋದರೆ ಮಾತ್ರ ಅನ್ನ' ಎಂದು ಹೆದರಿಸಿದ್ದಾರೆ. ಚಿಕ್ಕ ಮಗನನ್ನು 'ಮಿಡ್‌ಬ್ರೈನ್ ಆಕ್ಟಿವೇಷನ್' ಕ್ಲಾಸಿಗೆ ಸೇರಿಸು ಅಂತ ಗಂಟುಬಿದ್ದಿರುವವರೂ ಅವರೇ. ನೀವು ನಿಜವಾಗಿ ಏನು ಪಾಠ ಮಾಡುತ್ತೀರಿ, ಏನು ಸಂಶೋಧನೆ ಮಾಡುತ್ತೀರಿ, ಅದರಿಂದ ಬದುಕು ನಡೆಯುತ್ತದಾ? ಹೆಣ್ಣುಮಗಳು, ಎಷ್ಟು ವರ್ಷ ಓದಬೇಕು? ಮುಚ್ಚುಮರೆ ಇಲ್ಲದೆ ಹೇಳಿ."

ಉತ್ತರ

ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕೈದಿವೆ, ಭಯ ಮಾತ್ರ ಒಂದೇ. ಕೋಚಿಂಗ್‌ಗೆ ದುಡ್ಡು ಸುರಿದು ಹಿಡಿಸಿದ ದಾರಿ ಬಿಟ್ಟು, ನಿಮ್ಮ ಮನೆತನದಲ್ಲಿ ಯಾರೂ ನಡೆದಿರದ ದಾರಿ ಹಿಡಿದು, ಹತ್ತು ವರ್ಷ ಆದಮೇಲೆ ಮಗಳು ಬರಿಗೈಲಿ ನಿಂತರೆ? ಈ ಭಯಕ್ಕೆ ಆಧಾರ ಇದೆ. ಅದಕ್ಕೇ ಸುಮ್ನೆ ಧೈರ್ಯ ಹೇಳಿ ಕಳಿಸುವುದಿಲ್ಲ. ಮಗಳ ತಲೆಗೆ ಈ ಹುಳ ಬಿಟ್ಟವಳು ನಾನೇ ಆದ್ದರಿಂದ ಪೂರ್ತಿ ಉತ್ತರ ಕೊಡುವ ಜವಾಬ್ದಾರಿಯೂ ನನ್ನದೇ.

ಮೊದಲು ಷಡ್ಡಕರ ಮಾತು ನೋಡೋಣ. ಹುಚ್ಚಾಸ್ಪತ್ರೆ ಅನ್ನುವ ಮಾತಿಗೆ ಒಂದು ಹಿನ್ನೆಲೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಗಿದ್ದು 1974ರಲ್ಲಿ. ಅಲ್ಲಿದ್ದ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಮಾನಸಿಕ ಆರೋಗ್ಯದ ತರಬೇತಿ ಸಂಸ್ಥೆಯನ್ನೂ ಸೇರಿಸಿ ಅದನ್ನು ಕಟ್ಟಿದರು. ನಮ್ಮ ಕಡೆ ಹಳೆಯ ಹೆಸರೇ ಬಾಯಲ್ಲಿ ಉಳಿದಿದೆ. ಈಗ ಅಲ್ಲಿಗೆ ಫಿಟ್ಸ್ ಇರುವವರು, ಲಕ್ವ ಹೊಡೆದವರು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಮಿದುಳಿನಲ್ಲಿ ಗಡ್ಡೆ ಇರುವವರು ಎಲ್ಲರೂ ಹೋಗುತ್ತಾರೆ. ಅದೇ ಆವರಣದಲ್ಲಿ ಲ್ಯಾಬ್‌ಗಳಿವೆ. ಸತ್ತ ಮೇಲೆ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆಂದು ಕಾಪಾಡಿಡುವ ಬ್ರೈನ್ ಬ್ಯಾಂಕ್ ಇದೆ. ಜನ ಹೋಗಿ ನೋಡಬಹುದಾದ ಮಿದುಳಿನ ಮ್ಯೂಸಿಯಂ ಕೂಡ ಇದೆ. ಯಾವ ದಿನ ತೆರೆದಿರುತ್ತದೆ ಅಂತ ಫೋನ್ ಮಾಡಿ ಕೇಳಿಕೊಂಡು ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ. ಷಡ್ಡಕರನ್ನೂ ಕರೆದರೆ ಒಳ್ಳೆಯದು.

ಇಲಿ ಕೊಯ್ಯುವುದು ಅರ್ಧ ನಿಜ. ಇಲಿ, ಹಣ್ಣುನೊಣ, ಮೀನಿನ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳಿವೆ. ಅಲ್ಲಿ ಪ್ರಾಣಿ ಬಳಸಬೇಕಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಯಾಕೆ ಬೇಕು, ಎಷ್ಟು ಬೇಕು, ನೋವಾಗದಂತೆ ಏನು ಮಾಡುತ್ತೀರಿ ಅಂತ ಬರೆದುಕೊಡಬೇಕು. ಆದರೆ ಪ್ರಾಣಿಯನ್ನೇ ಮುಟ್ಟದೆ ಇಡೀ ಜೀವನ ನ್ಯೂರೋಸೈನ್ಸ್ ಮಾಡಿದವರೂ ಬೇಕಾದಷ್ಟಿದ್ದಾರೆ. ನಾನು ಕೆಲಸ ಮಾಡುವುದು ಮನುಷ್ಯರ ಜೊತೆ, ಅದೂ ಮಲಗಿ ಗೊರಕೆ ಹೊಡೆಯುವವರ ಜೊತೆ. ನಮ್ಮ ಎಂಬಿಬಿಎಸ್ ಮಕ್ಕಳ ಪ್ರಾಕ್ಟಿಕಲ್‌ನಲ್ಲೂ ಕಪ್ಪೆ ಕೊಯ್ಯುವುದು ನಿಂತಿದೆ. ಅದೇ ಪ್ರಯೋಗವನ್ನು ಈಗ ಕಂಪ್ಯೂಟರ್ ಪರದೆ ಮೇಲೆ ಮಾಡುತ್ತಾರೆ.

ಇನ್ನು ಮಿಡ್‌ಬ್ರೈನ್ ಆಕ್ಟಿವೇಷನ್, ಅಂದರೆ ಮಿದುಳಿನ ಒಂದು ಭಾಗವನ್ನು ಎಬ್ಬಿಸಿ ಮಕ್ಕಳನ್ನು ಜಾಣರನ್ನಾಗಿ ಮಾಡುತ್ತೇವೆ ಅನ್ನುವ ಕ್ಲಾಸು. ಇದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಿಡ್‌ಬ್ರೈನ್ ಅಂದರೆ ಮಿದುಳಿನ ಕಾಂಡದ ಮೇಲ್ಭಾಗ, ಹೆಬ್ಬೆರಳಿಗಿಂತ ಚಿಕ್ಕದು. ಕಣ್ಣು ಹೊರಳಿಸುವುದು, ಬೆಳಕು ಬಿದ್ದರೆ ಕಣ್ಣಿನ ಪಾಪೆ ಕುಗ್ಗುವುದು, ಶಬ್ದ ಬಂದ ಕಡೆ ತಿರುಗುವುದು ಇಂಥ ಕೆಲಸಗಳಲ್ಲಿ ಅದರ ಪಾತ್ರ ಇದೆ. ನಿಮ್ಮ ಮಗ ಕಣ್ಣು ಹೊರಳಿಸುತ್ತಾನೆ ಅಂದರೆ ಅವನ ಮಿಡ್‌ಬ್ರೈನ್ ಕೆಲಸ ಮಾಡುತ್ತಲೇ ಇದೆ, ಅದನ್ನು ಯಾರೂ ಬಂದು ಆನ್ ಮಾಡಬೇಕಾಗಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರಲ್ಲ, ಆ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುತ್ತಿರುತ್ತಾರೆ. ಆ ಸಂದಿ ಮುಚ್ಚಿ ನೋಡಿ, ಓದು ಅಲ್ಲಿಗೆ ನಿಲ್ಲುತ್ತದೆ. ನಾವು ಮಿದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತೇವೆ ಅನ್ನುವುದೂ ಇದೇ ಜಾತಿಗೆ ಸೇರಿದ ಮಾತು. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು 2 ಪರ್ಸೆಂಟ್, ಆದರೆ ಸುಮ್ಮನೆ ಕೂತಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಪರ್ಸೆಂಟ್ ಅದಕ್ಕೇ ಹೋಗುತ್ತದೆ. ಕೆಲಸ ಮಾಡದ ಅಂಗಕ್ಕೆ ದೇಹ ಇಷ್ಟು ಖರ್ಚು ಮಾಡುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನರದ ಡಾಕ್ಟರೇ ಅಲ್ವಾ?

ಅಲ್ಲ. ಪಾರ್ಕಿನ್ಸನ್ ಕಾಯಿಲೆಯನ್ನೇ ತೆಗೆದುಕೊಳ್ಳಿ. ನಿಮ್ಮೂರಲ್ಲೂ ಕೈ ನಡುಗುವ, ಹೆಜ್ಜೆ ಕಿತ್ತಿಡಲು ಒದ್ದಾಡುವ ಹಿರಿಯರು ಒಬ್ಬಿಬ್ಬರು ಇರಬಹುದು. ಅವರನ್ನು ಪರೀಕ್ಷೆ ಮಾಡಿ, ಲೆವೊಡೋಪಾ ಅನ್ನುವ ಮಾತ್ರೆ ಎಷ್ಟು, ಯಾವ ಹೊತ್ತಿಗೆ ಅಂತ ತೀರ್ಮಾನಿಸುವವರು ನ್ಯೂರಾಲಜಿಸ್ಟ್, ಅಂದರೆ ನರದ ಡಾಕ್ಟರ್. ಆದರೆ ಆ ಮಾತ್ರೆಯೇ ಯಾಕೆ? 1950ರ ದಶಕದಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ಮೊಲಗಳಿಗೆ ರಿಸರ್ಪಿನ್ ಅನ್ನುವ ಔಷಧ ಕೊಟ್ಟರು. ಮೊಲಗಳು ಕೂತಲ್ಲೇ ಮರಗಟ್ಟಿದವು. ಆಮೇಲೆ ಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಎದ್ದು ಓಡಾಡತೊಡಗಿದವು. ಮಿದುಳಿನಲ್ಲಿ ಡೋಪಮಿನ್ ಅನ್ನುವುದು ತಾನೇ ಒಂದು ಸಂದೇಶ ಒಯ್ಯುವ ರಾಸಾಯನಿಕ, ಚಲನೆಗೆ ಅದು ಬೇಕು ಎಂಬುದು ಈ ಕೆಲಸದಿಂದ ಬೆಳಕಿಗೆ ಬಂತು. ಅದಕ್ಕೆ 2000ನೇ ಇಸವಿಯಲ್ಲಿ ನೊಬೆಲ್ ಬಂತು. ಈ ಡೋಪಮಿನ್ ಮಾಡುವ ಕೋಶಗಳು ಸಾಯುವುದರಿಂದಲೇ ಪಾರ್ಕಿನ್ಸನ್ ಬರುತ್ತದೆ. ಅವು ಇರುವುದು ಎಲ್ಲಿ ಗೊತ್ತಾ? ಆ ಕ್ಲಾಸಿನವರು ಆಕ್ಟಿವೇಟ್ ಮಾಡ್ತೀವಿ ಅನ್ನುವ ಮಿಡ್‌ಬ್ರೈನ್‌ನಲ್ಲೇ. ಅಂದಹಾಗೆ ಆ ರಿಸರ್ಪಿನ್ ಸಿಕ್ಕಿದ್ದು ನಮ್ಮ ನಾಡಿನ ಸರ್ಪಗಂಧದ ಬೇರಿನಿಂದ. ಮುಟ್ಟಿದರೆ ಮೈ ತುರಿಸುವ ನಸುಗುನ್ನಿ ಇದೆಯಲ್ಲ, ಅದರ ಬೀಜದಲ್ಲಿ ಇದೇ ಲೆವೊಡೋಪಾ ಇದೆ. ಹಾಗಂತ ಬೀಜ ಅರೆದು ಕುಡಿಸಬೇಡಿ. ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ, ಮಾತ್ರೆ ತೆಗೆದುಕೊಳ್ಳುವವರಿಗೆ ಎರಡೂ ಸೇರಿ ಜಾಸ್ತಿಯಾಗಬಹುದು.

ಹೀಗೆ 'ಯಾಕೆ' ಅಂತ ಕೇಳಿ ಅದರ ಹಿಂದೆ ವರ್ಷಗಟ್ಟಲೆ ಬೀಳುವವರು ನ್ಯೂರೋಸೈನ್ಸ್‌ನವರು. ಕಾರ್ಲ್ಸನ್ ಓದಿದ್ದು ವೈದ್ಯಕೀಯವೇ, ಆದ್ದರಿಂದ ನಡುವೆ ಗೋಡೆ ಏನೂ ಇಲ್ಲ. ಆದರೆ ಒಂದು ವಿಷಯ ಸ್ಪಷ್ಟ ಇರಲಿ. ಎಂಬಿಬಿಎಸ್ ಮಾಡದೆ ನ್ಯೂರೋಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡಿದವರ ಹೆಸರಿನ ಮುಂದೆ 'ಡಾ.' ಬರುತ್ತದೆ, ಆದರೆ ರೋಗಿಗೆ ಔಷಧ ಬರೆಯುವ ಹಕ್ಕು ಬರುವುದಿಲ್ಲ. ನನಗೂ ಇಲ್ಲ. ಮದುವೆಮನೆಯಲ್ಲಿ ಯಾರೋ ಸ್ಕ್ಯಾನ್ ರಿಪೋರ್ಟ್ ತಂದು ಕೈಗಿಟ್ಟಾಗ 'ನಾನು ಆ ಡಾಕ್ಟರ್ ಅಲ್ಲ' ಅನ್ನಬೇಕಾಗುತ್ತದೆ. ಅವರ ಮುಖ ಸ್ವಲ್ಪ ಸಪ್ಪೆ ಆಗುತ್ತದೆ. ನಿಮ್ಮ ಮಗಳಿಗೂ ಇದು ತಪ್ಪಿದ್ದಲ್ಲ.

ನಾನು ಏನು ಪಾಠ ಮಾಡುತ್ತೇನೆ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ವೈದ್ಯಕೀಯ ಮತ್ತು ಎಂ.ಎಸ್ಸಿ ವಿದ್ಯಾರ್ಥಿಗಳಿಗೆ ನರಮಂಡಲದ ಪಾಠ ಮಾಡುತ್ತೇನೆ. ಮೊದಲ ಕ್ಲಾಸಿನಲ್ಲಿ ಪುಸ್ತಕ ತೆಗೆಸುವುದಿಲ್ಲ, ಒಂದು ಪ್ರಶ್ನೆ ಕೇಳುತ್ತೇನೆ. ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ತಾಗಿದಾಗ ನೋವು ಎಷ್ಟು ಸಲ ಬರುತ್ತದೆ? ಎಲ್ಲರೂ ಒಂದು ಸಲ ಅನ್ನುತ್ತಾರೆ. ಸ್ವಲ್ಪ ನೆನಪು ಮಾಡಿಕೊಳ್ಳಿ ಅಂದಾಗ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಎರಡು ಸಲ ಅನ್ನುತ್ತಾರೆ. ಅವರು ಹೇಳಿದ್ದೇ ಸರಿ. ಮೊದಲು ಚುರುಕ್ ಅಂತ ಒಂದು ನೋವು. ಒಂದು ಕ್ಷಣ ಬಿಟ್ಟು ಉರಿಯುವ, ಜಗ್ಗುವ ಇನ್ನೊಂದು ನೋವು, ಅದು ಬೇಗ ಹೋಗುವುದಿಲ್ಲ. ಯಾಕೆಂದರೆ ನೋವಿನ ಸುದ್ದಿ ಎರಡು ಥರದ ನರತಂತುಗಳಲ್ಲಿ ಹೋಗುತ್ತದೆ. ಒಂದರ ಸುತ್ತ ಮಯಲಿನ್ ಅನ್ನುವ ಕೊಬ್ಬಿನ ಸುತ್ತು ಇದೆ, ಸುದ್ದಿ ಬೇಗ ಹೋಗುತ್ತದೆ. ಇನ್ನೊಂದು ತೆಳ್ಳಗಿದೆ, ಸುತ್ತು ಇಲ್ಲ. ಅದರಲ್ಲಿ ಸುದ್ದಿಯ ವೇಗ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್, ಅಂದರೆ ನಾವು ನಡೆಯುವಷ್ಟು. ಹೆಬ್ಬೆರಳಿನಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್. ಲೆಕ್ಕ ಹಾಕಿ, ಎರಡನೇ ನೋವು ಯಾಕೆ ತಡ ಅಂತ ಗೊತ್ತಾಗುತ್ತದೆ.

ಅಲ್ಲಿಂದ ಮುಂದಕ್ಕೆ ಪಾಠ ತಾನಾಗಿ ಬಿಚ್ಚಿಕೊಳ್ಳುತ್ತದೆ. ತಂತುವಿನಲ್ಲಿ ಹರಿಯುವ ವಿದ್ಯುತ್ ಎಲ್ಲಿಂದ ಬಂತು? ಸೋಡಿಯಂ, ಪೊಟ್ಯಾಸಿಯಂ ಕೋಶದ ಒಳಗೆ ಹೊರಗೆ ಓಡಾಡುವುದರಿಂದ. ಇದನ್ನು ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಸ್ಕ್ವಿಡ್ ಅನ್ನುವ ಸಮುದ್ರ ಜೀವಿಯ ದಪ್ಪ ನರದಲ್ಲಿ ಅಳೆದು ಸಮೀಕರಣವಾಗಿ ಬರೆದರು. ಹಾಗಾದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ಏನಾಗುತ್ತದೆ? ಸೋಡಿಯಂ ಬಾಗಿಲು ಮುಚ್ಚುತ್ತದೆ, ಹಲ್ಲು ಕಿತ್ತರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮೊದಲು ಪಾದವೇ ಯಾಕೆ ಜುಮ್ಮೆನ್ನುತ್ತದೆ? ಅತಿ ಉದ್ದದ ನರಗಳು ಅಲ್ಲಿಗೆ ಹೋಗುತ್ತವೆ, ಅವುಗಳ ತುದಿ ಮೊದಲು ಸೊರಗುತ್ತದೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನೆನಪು, ಭಯ, ನಿದ್ದೆ, ಮಾತು ಇಲ್ಲಿಗೆ ಬಂದಿರುತ್ತೇವೆ. ನಿಮ್ಮ ಮಗಳು ಆ ದಿನ ಕೇಳಿದ್ದು ಈ ಹೊಸ್ತಿಲಿನ ಪ್ರಶ್ನೆಯನ್ನೇ.

ಇಲ್ಲೇ ಒಂದು ಎಚ್ಚರಿಕೆ ಕೊಡುತ್ತೇನೆ. ಪಾಠ ಕೇಳುವಾಗ ಇದೆಲ್ಲ ರೋಚಕ. ಪಾಠದಲ್ಲಿ ಬೇರೆಯವರು ನೂರು ವರ್ಷ ದುಡಿದ ಫಲವನ್ನು ಒಂದು ಗಂಟೆಯಲ್ಲಿ ಬಡಿಸಿರುತ್ತೇವೆ. ಸಂಶೋಧನೆಯ ದಿನಗಳು ಹಾಗಿರುವುದಿಲ್ಲ. ಮುಂದೆ ಬರೆದಿರುವುದನ್ನು ನಿಮ್ಮ ಮಗಳಿಗೆ ಓದಿ ಹೇಳಿ, ಅಥವಾ ಅವಳಿಗೇ ಓದಲು ಕೊಡಿ.

ನನ್ನ ಸಂಶೋಧನೆ ನಿದ್ದೆ ಮತ್ತು ನೆನಪಿನ ಮೇಲೆ. ಸಂಜೆ ಕಲಿತದ್ದು ಬೆಳಗ್ಗೆ ಎಷ್ಟು ಉಳಿಯುತ್ತದೆ, ರಾತ್ರಿ ಮಿದುಳಿನಲ್ಲಿ ನಡೆದದ್ದಕ್ಕೂ ಅದಕ್ಕೂ ಏನು ನಂಟು? ಮನುಷ್ಯರ ತಲೆಯ ಮೇಲಿನಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಶುರುವಾಗಿದ್ದು 1924ರಲ್ಲಿ, ಜರ್ಮನಿಯ ಹಾನ್ಸ್ ಬರ್ಗರ್ ಅವರಿಂದ. ಕನಸಿನ ನಿದ್ದೆಯಲ್ಲಿ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ ಅಂತ ಬರೆದದ್ದು 1953ರಲ್ಲಿ. ಇಲಿ ಹಗಲು ಓಡಾಡುವಾಗ ಒಟ್ಟಿಗೆ ಮಿಡಿದ ಕೋಶಗಳೇ ಅದು ಮಲಗಿದಾಗ ಮತ್ತೆ ಒಟ್ಟಿಗೆ ಮಿಡಿಯುತ್ತವೆ ಅಂತ ತೋರಿಸಿದ್ದು 1994ರಲ್ಲಿ. ಅಂದರೆ ನಿದ್ದೆಯಲ್ಲಿ ಮಿದುಳು ಹಗಲಿನ ಪಾಠವನ್ನು ಮತ್ತೆ ತಿರುವಿ ಹಾಕುತ್ತದೆ. ಆ ಹೊತ್ತಿನಲ್ಲಿ ಇಇಜಿಯಲ್ಲಿ ಸ್ಪಿಂಡಲ್ ಅಂತ ಕರೆಯುವ ಚಿಕ್ಕ ಚಿಕ್ಕ ಅಲೆಗಳ ಗುಂಪು ಕಾಣುತ್ತದೆ. ನನ್ನ ಕೆಲಸ ಅವುಗಳ ಸುತ್ತ.

ಹೇಳಲು ಎರಡು ಸಾಲು. ಮಾಡುವುದು ಹೀಗೆ. ರಾತ್ರಿ ಬರುವವರಿಗೆ ತಲೆಗೆ ಎಣ್ಣೆ ಹಾಕದೆ, ಸ್ನಾನ ಮಾಡಿ ಬನ್ನಿ ಅಂತ ಹೇಳಿರುತ್ತೇವೆ. ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಕಡೆ ಅಜ್ಜಿಯಂದಿರು ಇರುವ ಮನೆಯಿಂದ ಬಂದ ಹುಡುಗಿಯರು ಎಣ್ಣೆ ಹಾಕಿಸಿಕೊಳ್ಳದೆ ಹೊರಗೆ ಕಾಲಿಡುವುದೇ ಕಷ್ಟ, ಆ ರಾತ್ರಿ ಅರ್ಧ ಗಂಟೆ ತಲೆ ಒರೆಸುವುದರಲ್ಲೇ ಹೋಗುತ್ತದೆ. ಎಚ್ಚರವಿರುವವರ ಇಇಜಿ ಅಲೆ ಸಾಮಾನ್ಯವಾಗಿ ಹತ್ತರಿಂದ ನೂರು ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಹತ್ತು ಸಾವಿರದಲ್ಲಿ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಗೋಡೆಯಲ್ಲಿರುವ ಕರೆಂಟು 230 ವೋಲ್ಟ್. ಪಕ್ಕದ ಕೋಣೆಯ ಫ್ಯಾನಿನ ವೈರಿಂಗ್ ಸರಿ ಇಲ್ಲದಿದ್ದರೆ ನಮಗೆ ಮಿದುಳಿನ ಬದಲು ಬೆಸ್ಕಾಂನ 50 ಹರ್ಟ್ಸ್ ಅಲೆಯೇ ಚೆನ್ನಾಗಿ ಕಾಣುತ್ತದೆ. ಎಲ್ಲ ಸರಿಹೋಗಿ ದಾಖಲೆ ಸಿಕ್ಕಿತು ಅಂದುಕೊಳ್ಳಿ. ನಿದ್ದೆಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ, ಒಂದೊಂದೂ ಯಾವ ಹಂತದ ನಿದ್ದೆ ಅಂತ ಗುರುತು ಹಾಕಬೇಕು. ಎಂಟು ಗಂಟೆಯ ನಿದ್ದೆಗೆ 960 ತುಂಡು. ಇನ್ನೊಬ್ಬರು ಬೇರೆಯಾಗಿ ಕೂತು ಅದೇ 960ಕ್ಕೆ ಗುರುತು ಹಾಕುತ್ತಾರೆ, ಇಬ್ಬರದೂ ಹೊಂದುತ್ತದಾ ಅಂತ ನೋಡುತ್ತೇವೆ. ಇದು ಒಬ್ಬರ ಒಂದು ರಾತ್ರಿ. ಈಗ ಸಾಫ್ಟ್‌ವೇರ್ ಸಹಾಯಕ್ಕಿದೆ, ಆದರೂ ಕಣ್ಣಿಂದ ನೋಡದ ಗುರುತನ್ನು ನಾನು ನಂಬುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಉತ್ತರ 'ಖಚಿತವಾಗಿ ಹೇಳಲಾಗದು' ಅಂತ ಬರಬಹುದು, ಬರುತ್ತದೆ ಕೂಡ. ಪ್ರಶ್ನೆಯ ಮೇಲಿನ ಆಸೆ ಆಗಲೂ ಉಳಿಯುವವರಿಗೆ ಮಾತ್ರ ಈ ಕೆಲಸ ಹಿಡಿಸುತ್ತದೆ. ಮಾರ್ಕ್ಸ್ ಚೆನ್ನಾಗಿ ಬರುವ ಮಕ್ಕಳಿಗೆಲ್ಲ ಹಿಡಿಸುವುದಿಲ್ಲ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನೀಟ್ ಸೀಟು ಸಿಗಲಿಲ್ಲ ಅಂತ ಸಮಾಧಾನಕ್ಕೆ ನ್ಯೂರೋಸೈನ್ಸ್ ಹಿಡಿದವರಂತೂ ಬೇಗ ಸೋಲುತ್ತಾರೆ. ನಿಮ್ಮ ಮಗಳ ವಿಷಯದಲ್ಲಿ ಸೀಟಿನ ಫಲಿತಾಂಶಕ್ಕೆ ಮೊದಲೇ ಆಸೆ ಹುಟ್ಟಿದೆ, ಅದು ಒಳ್ಳೆಯ ಲಕ್ಷಣ.

ನಡುವೆ ಒಂದು ಮಾತು. ಹಾಸ್ಟೆಲ್‌ನಲ್ಲಿ ಅವಳು ಎಷ್ಟು ಹೊತ್ತಿಗೆ ಮಲಗುತ್ತಾಳೆ, ಎಷ್ಟಕ್ಕೆ ಎಬ್ಬಿಸುತ್ತಾರೆ ಕೇಳಿ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹನ್ನೆರಡಕ್ಕೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸುವ ಕಡೆ ಮಕ್ಕಳು ಓದಿದ್ದನ್ನು ಉಳಿಸಿಕೊಳ್ಳುವ ಹೊತ್ತನ್ನೇ ಕತ್ತರಿಸಿ ಹಾಕುತ್ತಿದ್ದಾರೆ. ಅವಳು ನೀಟ್ ಬರೆದರೂ ಬರೆಯದಿದ್ದರೂ ಇದು ಅನ್ವಯಿಸುತ್ತದೆ.

ಇನ್ನು ಬದುಕಿನ ವಿಷಯ. ವರ್ಷದ ಲೆಕ್ಕ ಹೇಳಿಬಿಡುತ್ತೇನೆ. ಬಿ.ಎಸ್ಸಿ ಮೂರು, ಎಂ.ಎಸ್ಸಿ ಎರಡು, ಪಿಎಚ್‌ಡಿ ಐದಾರು. ಈಗ ಹದಿನೇಳು ಹದಿನೆಂಟು ಇರುವವಳು ಪಿಎಚ್‌ಡಿ ಮುಗಿಸುವಾಗ 28-29 ಆಗಿರುತ್ತದೆ. ಆಮೇಲೆ ಎರಡು ಮೂರು ವರ್ಷ ಪೋಸ್ಟ್‌ಡಾಕ್ ಅಂತ ಇನ್ನೊಂದು ಲ್ಯಾಬಿನಲ್ಲಿ ದುಡಿಯಬೇಕಾಗಬಹುದು. ದೊಡ್ಡ ಸಂಖ್ಯೆ ಅನ್ನಿಸುತ್ತದೆ ಅಲ್ವಾ? ಆದರೆ ನರದ ಡಾಕ್ಟರ್ ಲೆಕ್ಕ ಹಾಕಿ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ, ಎಂ.ಡಿ ಮೂರು, ಅದರ ಮೇಲೆ ನರರೋಗಕ್ಕೇ ಮೀಸಲಾದ ಡಿ.ಎಂ ಮೂರು, ನಡುವೆ ಎಂಟ್ರೆನ್ಸ್‌ಗೆ ಓದುವ ವರ್ಷಗಳು ಬೇರೆ. ವ್ಯತ್ಯಾಸ ಇರುವುದು ವರ್ಷದಲ್ಲಲ್ಲ, ನಡುವೆ ನಿಂತರೆ ಕೈಯಲ್ಲಿ ಏನಿರುತ್ತದೆ ಅನ್ನುವುದರಲ್ಲಿ. ಎಂಬಿಬಿಎಸ್ ಮುಗಿಸಿ ನಿಂತವಳು ಚಳ್ಳಕೆರೆಯಲ್ಲೇ ಬೋರ್ಡ್ ಹಾಕಿ ದುಡಿಯಬಹುದು. ಬರೀ ಬಿ.ಎಸ್ಸಿ ಮುಗಿಸಿ ನಿಂತವಳಿಗೆ ಅಂಥ ಆಸರೆ ಇಲ್ಲ.

ಪಿಎಚ್‌ಡಿಗೆ ಅಪ್ಪ ದುಡ್ಡು ಕಟ್ಟಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಒಳ್ಳೆಯ ಸಂಸ್ಥೆಯಲ್ಲಿ ಉಲ್ಟಾ, ಅವರೇ ಕೊಡುತ್ತಾರೆ. ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆಬಾಡಿಗೆ ಭತ್ಯೆ ಬೇರೆ. ಆದರೆ ಆ ಹಣ ತಿಂಗಳುಗಟ್ಟಲೆ ತಡವಾಗಿ ಬರುವುದೂ ಉಂಟು. ಅಪ್ಪನ ಅಂಗಡಿ ಆಗ ಕೈಹಿಡಿಯಬೇಕಾಗುತ್ತದೆ, ಈಗಲೇ ಗೊತ್ತಿರಲಿ.

ಪಿಎಚ್‌ಡಿ ಆದಮೇಲೆ ಏನು? ಇದು ಕಷ್ಟದ ಜಾಗ. ವಿಶ್ವವಿದ್ಯಾಲಯದ ಕಾಯಂ ಹುದ್ದೆ ಸಿಕ್ಕರೆ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನವೇ 57,700 ರೂಪಾಯಿ. ಆದರೆ ಹುದ್ದೆ ಖಾಲಿ ಇದ್ದರೂ ತುಂಬದೆ, ಅತಿಥಿ ಉಪನ್ಯಾಸಕರಿಂದ ವರ್ಷಗಳನ್ನು ದೂಡುವುದನ್ನು ನಮ್ಮ ರಾಜ್ಯದಲ್ಲಿ ನೀವೂ ನೋಡಿದ್ದೀರಿ. ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಮಾಡದ, ಎಂ.ಎಸ್ಸಿ-ಪಿಎಚ್‌ಡಿ ಮಾಡಿದ ನನ್ನಂಥವರಿಗೆ ಎಷ್ಟು ಜಾಗ ಅನ್ನುವ ನಿಯಮ ಆಗಾಗ ಬದಲಾಗುತ್ತದೆ. ಒಂದು ಆದೇಶ ಬಂದರೆ ಬಾಗಿಲು ಕಿರಿದಾಗುತ್ತದೆ, ಇನ್ನೊಂದು ಬಂದರೆ ಅಗಲವಾಗುತ್ತದೆ. ಕಾಲೇಜಿನ ಹೊರಗೆ ಔಷಧ ಕಂಪನಿಗಳ ಕ್ಲಿನಿಕಲ್ ಟ್ರಯಲ್ ವಿಭಾಗ, ಡೇಟಾ ವಿಶ್ಲೇಷಣೆ, ವೈದ್ಯಕೀಯ ಬರವಣಿಗೆ, ಉಪಕರಣ ತಯಾರಿಸುವ ಕಂಪನಿಗಳು ಇವೆ. ಇವು ಹೆಚ್ಚಾಗಿ ಬೆಂಗಳೂರು, ಹೈದರಾಬಾದಿನಲ್ಲಿ. ದಾವಣಗೆರೆಗೆ ಬಂದು ನೆಲೆಸುವ ಆಸೆ ಇದ್ದರೆ ಆಯ್ಕೆ ಕಡಿಮೆ.

ಹೊರದೇಶಕ್ಕೇ ಹೋಗಬೇಕು ಅನ್ನುವುದು ಮಾತ್ರ ಹಳೆಯ ಮಾತು. ಬೆಂಗಳೂರಿನಲ್ಲೇ ನಿಮ್ಹಾನ್ಸ್, ಐಐಎಸ್‌ಸಿಯ ನ್ಯೂರೋಸೈನ್ಸ್ ಕೇಂದ್ರ, ಜೀವವಿಜ್ಞಾನದ ಸಂಶೋಧನಾ ಸಂಸ್ಥೆಯಾದ ಎನ್‌ಸಿಬಿಎಸ್ ಇವೆ. ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವರು ಹಣ್ಣುನೊಣ ವಾಸನೆ, ರುಚಿ ಹೇಗೆ ತಿಳಿಯುತ್ತದೆ ಎಂಬ ಕೆಲಸದಿಂದ ಜಗತ್ತಿಗೆ ಗೊತ್ತಾದವರು. ಹರಿಯಾಣದ ಮಾನೇಸರದಲ್ಲಿ ಎನ್‌ಬಿಆರ್‌ಸಿ ಅಂತ ಮಿದುಳಿಗೇ ಮೀಸಲಾದ ಸಂಸ್ಥೆ ಇದೆ. ನನಗೆ ತುಂಬಾ ಮೆಚ್ಚುಗೆಯಾದ ಕೆಲಸ ಕೋಲಾರ ಜಿಲ್ಲೆಯಲ್ಲಿ ನಡೆಯುತ್ತಿದೆ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ, ಮರೆವಿನ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಅಂತ ನೋಡುತ್ತಿದ್ದಾರೆ. ಅಲ್ಲಿ ಹಳ್ಳಿಯ ಅಜ್ಜಿಯ ಜೊತೆ ಕೂತು ಮಾತಾಡಲು ಬರುವ ಸಂಶೋಧಕರು ಬೇಕು. ಆ ವಿಷಯದಲ್ಲಿ ನಿಮ್ಮ ಮಗಳು ದೊಡ್ಡ ಊರಿನ ಮಕ್ಕಳಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾಳೆ.

ಈಗ ದಾರಿಗಳು. ಮೊದಲು ತಪ್ಪಿಸಬೇಕಾದ ಒಂದನ್ನು ಹೇಳುತ್ತೇನೆ. 'ಬಿ.ಎಸ್ಸಿ ನ್ಯೂರೋ ಸೈನ್ಸ್ ಟೆಕ್ನಾಲಜಿ' ಅಂತ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೋರ್ಸ್ ಇದೆ. ಹೆಸರು ನೋಡಿ ಇದೇ ಅದು ಅಂದುಕೊಂಡು ಸೇರುವವರು ಇದ್ದಾರೆ. ಅದು ಆಸ್ಪತ್ರೆಯಲ್ಲಿ ಇಇಜಿ, ನರದ ವೇಗದ ಪರೀಕ್ಷೆ ಮಾಡುವ ತಂತ್ರಜ್ಞರ ಓದು. ಒಳ್ಳೆಯ ಕೆಲಸ, ಬೇಗ ಸಂಬಳ. ನನ್ನ ಲ್ಯಾಬು ಅಂಥವರಿಲ್ಲದೆ ಒಂದು ರಾತ್ರಿಯೂ ನಡೆಯುವುದಿಲ್ಲ. ಆದರೆ ಸಂಶೋಧನೆಗೆ ಹೋಗಬೇಕೆಂದರೆ ಅದು ಸುತ್ತುದಾರಿ. ಹಾಗೆಯೇ ಬರೀ ಹೆಸರಿನ ಆಕರ್ಷಣೆಗೆ ದುಬಾರಿ ಫೀಸಿನ ಖಾಸಗಿ ಕೋರ್ಸಿಗೂ ಸೇರಿಸಬೇಡಿ. ಪದವಿಯಲ್ಲಿ ನ್ಯೂರೋಸೈನ್ಸ್ ಅನ್ನುವ ಹೆಸರೇ ಬೇಕಾಗಿಲ್ಲ. ಭದ್ರವಾದ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದರೆ ಸಾಕು.

ನನ್ನ ಮೊದಲ ಆಯ್ಕೆ ಐಸರ್ ಅಥವಾ ಐಐಎಸ್‌ಸಿಯ ಪದವಿ. ಐಸರ್ ಅಂದರೆ ವಿಜ್ಞಾನದ ಓದು ಮತ್ತು ಸಂಶೋಧನೆಗೆ ಕೇಂದ್ರ ಸರ್ಕಾರ ಕಟ್ಟಿದ ಸಂಸ್ಥೆಗಳು, ದೇಶದಲ್ಲಿ ಏಳಿವೆ, ಹತ್ತಿರದ್ದು ತಿರುಪತಿ, ಪುಣೆ. ಅವಕ್ಕೆ ಐಎಟಿ ಅನ್ನುವ ಪರೀಕ್ಷೆ. ಅದರ ಅಂಕ ಐಐಎಸ್‌ಸಿಯ ನಾಲ್ಕು ವರ್ಷದ ಪದವಿಗೂ ನಡೆಯುತ್ತದೆ, ನಿಯಮ ಬದಲಾಗುವುದರಿಂದ ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಅವಳದು ಪಿಸಿಎಂಬಿ, ನೀಟ್‌ಗೆ ಓದಿದ್ದರಲ್ಲಿ ಬಹುಪಾಲು ಇಲ್ಲಿಗೂ ಆಗುತ್ತದೆ. ಗಣಿತಕ್ಕೆ ಮಾತ್ರ ಹೆಚ್ಚು ಬೆವರು ಹರಿಸಬೇಕು. ಕೋಚಿಂಗ್‌ನವರು 'ಗಣಿತ ಬಿಟ್ಟುಬಿಡು, ನೀಟ್‌ಗೆ ಬೇಡ' ಅನ್ನುತ್ತಾರೆ. ಬಿಡಬಾರದು. 2024ರಲ್ಲಿ ಹಣ್ಣುನೊಣದ ಪೂರ್ತಿ ಮಿದುಳಿನ ನಕ್ಷೆ ಹೊರಬಂತು, ಸುಮಾರು 1,39,000 ನರಕೋಶ, ಐದು ಕೋಟಿಗೂ ಹೆಚ್ಚು ಜೋಡಣೆ. ಕಂಪ್ಯೂಟರ್ ಇಲ್ಲದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಮನುಷ್ಯರ ಮಿದುಳಿನಲ್ಲಿ ನರಕೋಶ ಸುಮಾರು 8,600 ಕೋಟಿ. ಮುಂದಿನ ಕೆಲಸ ಗಣಿತ ಮತ್ತು ಪ್ರೋಗ್ರಾಮಿಂಗ್ ಗೊತ್ತಿರುವ ಜೀವಶಾಸ್ತ್ರದವರದು. ಈ ದಾರಿಯ ಅಪಾಯ ಅಂದರೆ ಸೀಟು ಕಡಿಮೆ, ಓದು ಗಟ್ಟಿ, ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ವರ್ಷ ಉಸಿರು ಕಟ್ಟುತ್ತದೆ.

ಎರಡನೆಯದು ಇಲ್ಲೇ ಬಿ.ಎಸ್ಸಿ. ದಾವಣಗೆರೆ ಅಥವಾ ಚಿತ್ರದುರ್ಗದ ಒಳ್ಳೆಯ ಪದವಿ ಕಾಲೇಜು, ಆಮೇಲೆ ತೋಳಹುಣಸೆಯ ಶಿವಗಂಗೋತ್ರಿಯಲ್ಲೋ ಬೇರೆ ವಿಶ್ವವಿದ್ಯಾಲಯದಲ್ಲೋ ಜೀವರಸಾಯನಶಾಸ್ತ್ರ, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಖರ್ಚು ಕಡಿಮೆ, ಮಗಳು ಕಣ್ಣೆದುರಿಗೆ. ಅಪಾಯ ಏನೆಂದರೆ ಐದು ವರ್ಷ ನೋಟ್ಸ್ ಓದಿ ಮಾರ್ಕ್ಸ್ ತೆಗೆದು, ಒಂದು ನಿಜವಾದ ಲ್ಯಾಬನ್ನೂ ನೋಡದೆ ಹೊರಬೀಳುವುದು. ಅದಕ್ಕೆ ಮದ್ದು ಬೇಸಿಗೆ ರಜೆ. ದೇಶದ ವಿಜ್ಞಾನ ಅಕಾಡೆಮಿಗಳು ಸೇರಿ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಊರಿನ ಕಾಲೇಜಿನ ಮಕ್ಕಳಿಗೆ ಇದರ ಸುದ್ದಿಯೇ ಇರುವುದಿಲ್ಲ. ಪದವಿಯ ಎರಡನೇ ವರ್ಷದಿಂದಲೇ ಅರ್ಜಿ ಹಾಕಿಸಿ. ಎನ್‌ಸಿಬಿಎಸ್ ಪಿಎಚ್‌ಡಿಗೆ ಜೀಬಿಲ್ಸ್ ಅನ್ನುವ ಪರೀಕ್ಷೆ, ಬೇರೆ ಕಡೆ ನೆಟ್ ಅಥವಾ ಗೇಟ್. ಜಿಲ್ಲಾ ಕಾಲೇಜಿನಿಂದ ಹೋಗಿ ಇವನ್ನು ದಾಟಿದವರು ಇದ್ದಾರೆ, ಜಾಸ್ತಿ ಜನ ಇಲ್ಲ.

ಮೂರನೆಯದು ನೀವು ಹಿಡಿಸಿದ ದಾರಿಯೇ, ಎಂಬಿಬಿಎಸ್. ಆಮೇಲೆ ಎಂ.ಡಿ ಫಿಸಿಯಾಲಜಿ, ಅಥವಾ ನ್ಯೂರಾಲಜಿ, ಅಥವಾ ನೇರ ಪಿಎಚ್‌ಡಿ. ಜೀವನಕ್ಕೆ ಭದ್ರ, ರೋಗಿಗಳನ್ನು ನೋಡಿದ ಅನುಭವ ಸಂಶೋಧನೆಗೆ ದೊಡ್ಡ ಬಲ. ಅಪಾಯ ಹೇಳುತ್ತೇನೆ ಕೇಳಿ: ಹೀಗೆ 'ಆಮೇಲೆ ರಿಸರ್ಚ್ ಮಾಡ್ತೀನಿ' ಅಂದ ಹೆಚ್ಚಿನವರು ಆಮೇಲೆ ಮಾಡುವುದಿಲ್ಲ. ಡ್ಯೂಟಿ, ಪಿಜಿ ಎಂಟ್ರೆನ್ಸ್, ಸಾಲ, ಸಂಸಾರ ಇವುಗಳ ನಡುವೆ ಆ ಆಸೆ ಕರಗಿಹೋಗುತ್ತದೆ. ಸರ್ಕಾರಿ ಸೀಟು ಸಿಗದೆ ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಯೋಚನೆ ಇದ್ದರೆ, ಮನಸ್ಸಿಲ್ಲದ ಮಗಳಿಗಾಗಿ ಅದನ್ನು ಮಾಡಬೇಡಿ. ಸಾಲ ಮಾಡಿ ಹೊರದೇಶದಲ್ಲಿ ಒಂದು ವರ್ಷದ ಮಾಸ್ಟರ್ಸ್ ಮಾಡಿಸುವುದೂ ಬೇಡ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳು ಪಿಎಚ್‌ಡಿಗೆ ಸಾಮಾನ್ಯವಾಗಿ ತಾವೇ ದುಡ್ಡು ಕೊಡುತ್ತವೆ. ಹೋಗುವುದಾದರೆ ಆಗ ಹೋಗಲಿ.

ಹೆಣ್ಣುಮಗಳು ಅಂದಿರಿ. ಮದುವೆ ಯಾವಾಗ ಅನ್ನುವುದು ನಿಮ್ಮಿಬ್ಬರ ನಡುವಿನ ಮಾತು, ನಾನು ತಲೆಹಾಕುವುದಿಲ್ಲ. ಗೊತ್ತಿರುವುದನ್ನು ಮಾತ್ರ ಹೇಳುತ್ತೇನೆ. ಪಿಎಚ್‌ಡಿಯ ನಡುವೆ ಮದುವೆಯಾಗಿ, ಮಗು ಆಗಿ, ಮುಗಿಸಿದವರು ನನ್ನ ಸುತ್ತ ಹಲವರಿದ್ದಾರೆ. ಅರ್ಧಕ್ಕೆ ಬಿಟ್ಟವರೂ ಇದ್ದಾರೆ. ಮುಗಿಸಿದವರಿಗೆಲ್ಲ ಮನೆಯಲ್ಲಿ ಮಗು ನೋಡಿಕೊಳ್ಳುವ ಒಂದು ಜೀವ ಇತ್ತು. ನಡುವೆ ಕೆಲಸ ಬಿಟ್ಟ ಹೆಣ್ಣುಮಕ್ಕಳು ಮತ್ತೆ ವಿಜ್ಞಾನಕ್ಕೆ ಬರಲು ಕೇಂದ್ರ ಸರ್ಕಾರದ ವೈಸ್-ಕಿರಣ್ ಯೋಜನೆ ಇದೆ, ಹೆಸರು ಬರೆದಿಟ್ಟುಕೊಳ್ಳಿ.

ನನ್ನ ಸಲಹೆ ಕೇಳಿದರೆ, ಈ ವರ್ಷ ನೀಟ್ ಬರೆಯಲಿ, ಐಎಟಿಯನ್ನೂ ಬರೆಯಲಿ. ಇಷ್ಟು ಓದಿ ನೀಟ್ ಬಿಡುವುದು ಬುದ್ಧಿವಂತಿಕೆ ಅಲ್ಲ. ಎರಡರ ಫಲಿತಾಂಶ ಕೈಗೆ ಬಂದಾಗ ಆರಿಸುವುದು ಬೇರೆ, ಬರುವ ಮೊದಲೇ ಜಗಳ ಆಡುವುದು ಬೇರೆ.

ಅಲ್ಲಿಯವರೆಗೆ ಅವಳಿಗೆ ಒಂದು ಕೆಲಸ ಕೊಡುತ್ತೇನೆ, ಖರ್ಚಿಲ್ಲದ್ದು. 30 ಸೆಂಟಿಮೀಟರಿನ ಸ್ಕೇಲು ಸಾಕು. ಒಬ್ಬರು ಸ್ಕೇಲನ್ನು ಮೇಲಿನಿಂದ ನೇರವಾಗಿ ಹಿಡಿದು ಹೇಳದೆ ಬಿಡಬೇಕು, ಇನ್ನೊಬ್ಬರು ಸೊನ್ನೆಯ ಹತ್ತಿರ ಬೆರಳು ತೆರೆದಿಟ್ಟುಕೊಂಡು ತಕ್ಷಣ ಹಿಡಿಯಬೇಕು. 20 ಸೆಂಟಿಮೀಟರಿಗೆ ಹಿಡಿದರೆ ಕಣ್ಣಿನಿಂದ ಕೈಗೆ ಸುದ್ದಿ ಹೋಗಲು ಸುಮಾರು 0.2 ಸೆಕೆಂಡ್ ಬೇಕಾಯಿತು ಅಂತ ಅರ್ಥ, ಲೆಕ್ಕ ಅವಳ ಫಿಸಿಕ್ಸ್ ಪುಸ್ತಕದಲ್ಲೇ ಇದೆ. ಹಾಸ್ಟೆಲ್ ಗೆಳತಿಯರಿಗೆ ಬೆಳಗ್ಗೆ, ರಾತ್ರಿ ಹತ್ತು ಹತ್ತು ಸಲ ಮಾಡಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರು ಅನ್ನುವುದನ್ನೂ ಪಕ್ಕದಲ್ಲಿ ಬರೆಯಲಿ. ಓದಿಗೆ ತೊಂದರೆಯಾಗದಂತೆ, ದಿನಕ್ಕೆ ಹತ್ತು ನಿಮಿಷ. ಮೂರು ದಿನಕ್ಕೆ ಬೇಜಾರಾಗುತ್ತದಾ, ಅಥವಾ 'ಒಬ್ಬಳದೇ ಅಂಕಿ ಇಷ್ಟು ಏರುಪೇರು ಯಾಕೆ' ಅಂತ ತಲೆ ಕೆರೆದುಕೊಳ್ಳುತ್ತಾಳಾ ನೋಡಿ. ಪರೀಕ್ಷೆ ಎಲ್ಲ ಮುಗಿದ ಮೇಲೆ ಆ ನೋಟ್‌ಬುಕ್ ಜೊತೆ ನನ್ನ ಲ್ಯಾಬಿಗೆ ಬರಲಿ. ಒಂದು ರಾತ್ರಿಯ ದಾಖಲೆ ತೆಗೆದುಕೊಡುತ್ತೇನೆ, ಕೂತು ಗುರುತು ಹಾಕಿ ನೋಡಲಿ. ನೋಟ್‌ಬುಕ್ ಅರ್ಧಕ್ಕೆ ನಿಂತಿದ್ದರೂ ಪರವಾಗಿಲ್ಲ, ಬನ್ನಿ. ಆಗ ಎಂಬಿಬಿಎಸ್ ಕೌನ್ಸೆಲಿಂಗ್ ಬಗ್ಗೆ ಮಾತಾಡೋಣ.